ಹೊರಗೆ ಒಂಬತ್ತು ದಿನ, ಒಳಗೆ ವರ್ಷವಿಡೀ
(ದತ್ತಿ ಉಪನ್ಯಾಸದ ಮುದ್ರಿತ ಪಾಠ)



ತಾಯಿಯ ನೆನಪಿಗೆ ಮಕ್ಕಳು ಇಟ್ಟ ದತ್ತಿ ಇದು. ವಿಷಯವನ್ನು ನೀವೇ ಆರಿಸಿಕೊಳ್ಳಿ ಎಂದು ಸಂಘಟಕರು ಹೇಳಿದಾಗ, ತಾಯಂದಿರು ಬಿಟ್ಟುಹೋಗುವ ವಸ್ತುಗಳ ಬಗ್ಗೆಯೇ ಮಾತಾಡೋಣ ಅನ್ನಿಸಿತು. ಸೀರೆ, ಪಾತ್ರೆ, ಕೌದಿ, ಗೊಂಬೆ, ಫೋಟೊ, ಎಲೆಅಡಿಕೆ ಪೆಟ್ಟಿಗೆ. ಇವನ್ನು ಈಗ ನಾವು ಮನೆಯ ಹಾಲಿನಲ್ಲಿ, ಬಂದವರ ಕಣ್ಣಿಗೆ ಬೀಳುವಂತೆ, ಅಂದಕ್ಕೆಂದು ಇಡುತ್ತಿದ್ದೇವೆ. ಹೀಗೆ ಇಡುವ ರೀತಿಯ ಬಗ್ಗೆ ನನಗೊಂದು ಮಾತು ಹೇಳುವುದಿದೆ.

ಅದಕ್ಕೂ ಮೊದಲು, ಹಾಗೆ ಇಡುತ್ತಿರುವುದೇ ನನಗೆ ಸಂತೋಷ. ಸ್ಟೀಲು ಬಂದ ಕಾಲವನ್ನು ಇಲ್ಲಿರುವ ಹಿರಿಯರು ಮರೆತಿರಲಾರರು. ಬೀದಿಯಲ್ಲಿ ಪಾತ್ರೆಯವನ ಕೂಗು ಕೇಳಿದರೆ ಸಾಕು, ಅಟ್ಟದ ಮೇಲಿನ ಹಿತ್ತಾಳೆ ಕೊಳಗ, ತಾಮ್ರದ ಹಂಡೆ, ಕಂಚಿನ ತಟ್ಟೆ ಕೆಳಗಿಳಿದು ತಕ್ಕಡಿ ಏರುತ್ತಿದ್ದವು. ಬದಲಿಗೆ ಬರುತ್ತಿದ್ದುದು ಹೊಳೆಯುವ ಸ್ಟೀಲಿನ ಡಬರಿ, ಆಮೇಲಾಮೇಲೆ ಪ್ಲಾಸ್ಟಿಕ್ ಬಕೆಟ್ಟು. ಹಾಗೆ ಕೊಟ್ಟವರನ್ನು ನಾನು ದೂರುವುದಿಲ್ಲ. ದಿನವೂ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕುತ್ತಿದ್ದವರು ಅವರು, ಕಲಾಯಿ ಹೋಗಿ ಸಾರು ಕಿಲುಬಿದಾಗ ಬೈಸಿಕೊಂಡವರೂ ಅವರೇ. ಅಂಥ ಕಾಲವನ್ನು ದಾಟಿ ಒಂದು ಕೊಡ, ಒಂದು ಕೊಳಗ ಉಳಿದು ಇವತ್ತು ಮೊಮ್ಮಗಳ ಫ್ಲ್ಯಾಟಿನ ಮೂಲೆಯಲ್ಲಿ ಮರ್ಯಾದೆಯಿಂದ ಕೂತಿದ್ದರೆ ಅದು ದೊಡ್ಡ ಮಾತು.

ನನ್ನ ಆತಂಕ ಇರುವುದು ಸದಾ ಹೊರಗೇ ಇಡುವುದರಲ್ಲಿ. ಒಮ್ಮೆ ಗೋಡೆಗೆ ಏರಿದ್ದು ಮತ್ತೆ ಇಳಿಯುವುದಿಲ್ಲ. ಗಾಜಿನ ಕಪಾಟಿನೊಳಗೆ ಹೋದದ್ದು ಹೊರಗೆ ಬರುವುದಿಲ್ಲ. ವರ್ಷ ಎರಡು ವರ್ಷದಲ್ಲಿ ಮನೆಯವರ ಕಣ್ಣೇ ಅದನ್ನು ನೋಡುವುದನ್ನು ಬಿಡುತ್ತದೆ. ಬೆಳಕು ಮತ್ತು ಧೂಳು ಮಾತ್ರ ತಮ್ಮ ಕೆಲಸ ಬಿಡುವುದಿಲ್ಲ. ಮನೆತನದ ವಸ್ತುವನ್ನು ತೋರಿಸುವುದೆಂದರೆ ಹೊರಗೆ ತೆಗೆಯುವುದು, ಅದರ ಕಥೆ ಹೇಳುವುದು, ಮತ್ತೆ ಒಳಗಿಡುವುದು. ಈ ಮೂರೂ ಸೇರಿದರೆ ಮಾತ್ರ ತೋರಿಸಿದ ಹಾಗೆ ಎಂದು ನಾನು ನಂಬುತ್ತೇನೆ. ಇದು ನನ್ನ ಹೊಸ ಯೋಚನೆಯಲ್ಲ. ಹಳೇ ಮೈಸೂರಿನ ಮನೆಗಳಲ್ಲಿ ಹೆಂಗಸರು ತಲೆಮಾರುಗಳಿಂದ ನಡೆಸಿಕೊಂಡು ಬಂದ ಪದ್ಧತಿ.

ಗೊಂಬೆ ಹಬ್ಬವನ್ನೇ ನೋಡಿ. ಮದುವೆಯಾಗಿ ಹೋಗುವ ಮಗಳಿಗೆ ತಾಯಿ ಪಟ್ಟದ ಗೊಂಬೆಗಳನ್ನು ಕೊಟ್ಟು ಕಳಿಸುತ್ತಾಳೆ, ಒಂದು ಗಂಡು, ಒಂದು ಹೆಣ್ಣು, ಮರದವು. ಆ ಜೋಡಿಯ ಸುತ್ತ ಉಳಿದದ್ದೆಲ್ಲ ಸೇರುತ್ತಾ ಹೋಗುತ್ತದೆ. ಅತ್ತೆಯ ಕಾಲದ ಮಣ್ಣಿನ ಶೆಟ್ಟಿ-ಶೆಟ್ಟಿತಿ, ಚನ್ನಪಟ್ಟಣದ ಬಣ್ಣದ ಆಟಿಕೆ, ಯಾರೋ ಕಾಶಿಗೆ ಹೋದಾಗ ತಂದದ್ದು, ಮಗ ನಾಲ್ಕನೇ ಕ್ಲಾಸಿನಲ್ಲಿ ಮಾಡಿದ ರಟ್ಟಿನ ಮನೆ. ನವರಾತ್ರಿಯ ಪಾಡ್ಯದ ದಿನ ಕಬ್ಬಿಣದ ಟ್ರಂಕು ಅಟ್ಟದಿಂದ ಇಳಿಯುತ್ತದೆ. ಬೆಸ ಸಂಖ್ಯೆಯ ಮೆಟ್ಟಿಲು ಕಟ್ಟಿ ಬಿಳಿ ಪಂಚೆ ಹಾಸುತ್ತಾರೆ. ಒಂದೊಂದೇ ಗೊಂಬೆಯ ಸುತ್ತಿದ ಬಟ್ಟೆ ಬಿಚ್ಚುವಾಗ ಮಾತು ಶುರುವಾಗುತ್ತದೆ. ‘ಇದರ ಮೂಗು ಮುರಿದದ್ದು ನಿನ್ನ ಚಿಕ್ಕಪ್ಪನಿಂದ.’ ‘ಈ ಸೀರೆ ತುಂಡು ನಮ್ಮಮ್ಮನ ಧಾರೆ ಸೀರೆಯದು.’ ಸಂಜೆ ಆರತಿಗೆ ಬಂದ ಮಕ್ಕಳು ಬೊಂಬೆ ಬಾಗಿನದ ಆಸೆಗೆ ಕೂತು ಅದೇ ಕಥೆಯನ್ನು ಮತ್ತೊಮ್ಮೆ ಕೇಳುತ್ತಾರೆ. ಹಬ್ಬ ಮುಗಿದ ಮೇಲೆ ಒಂದು ಗೊಂಬೆಯನ್ನು ಮಲಗಿಸಿ, ಎಲ್ಲವನ್ನೂ ಹಳೆಯ ಮೆತ್ತನೆ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಗೆ ಸೇರಿಸುತ್ತಾರೆ.

ಇದರ ಹಿಂದಿರುವ ಜಾಣತನ ನನ್ನನ್ನು ಮತ್ತೆ ಮತ್ತೆ ಬೆರಗುಗೊಳಿಸುತ್ತದೆ. ಗೊಂಬೆಗೆ ವರ್ಷದಲ್ಲಿ ಬೆಳಕು ತಾಗುವುದು ಒಂಬತ್ತು ಹತ್ತು ದಿನ ಮಾತ್ರ, ಅದೂ ದೀಪದ ಬೆಳಕು. ಉಳಿದಷ್ಟೂ ದಿನ ಕತ್ತಲೆ, ಹತ್ತಿ ಬಟ್ಟೆಯ ಹೊದಿಕೆ, ಧೂಳಿಲ್ಲದ ಪೆಟ್ಟಿಗೆ. ವರ್ಷಕ್ಕೊಮ್ಮೆ ಪ್ರತಿಯೊಂದನ್ನೂ ಕೈಯಲ್ಲಿ ಹಿಡಿದು ನೋಡುವುದರಿಂದ ಹುಳು ಬಿದ್ದದ್ದು, ಬಣ್ಣ ಎದ್ದದ್ದು ಆಗಲೇ ಗೊತ್ತಾಗುತ್ತದೆ. ಕಥೆಯೂ ವರ್ಷಕ್ಕೊಮ್ಮೆ ಹೇಳಿಸಿಕೊಳ್ಳುತ್ತದೆ, ಆದ್ದರಿಂದ ಮರೆಯುವುದಿಲ್ಲ. ದೊಡ್ಡ ವಸ್ತುಸಂಗ್ರಹಾಲಯಗಳು ಬಟ್ಟೆ ಮತ್ತು ಕಾಗದದ ವಸ್ತುಗಳನ್ನು ಸರದಿಯ ಮೇಲೆ ಹೊರಗಿಟ್ಟು ಮತ್ತೆ ಕತ್ತಲ ಕೋಣೆಗೆ ಸಾಗಿಸುವುದು ಇದೇ ಕಾರಣಕ್ಕೆ. ಮೈಸೂರು ಅರಮನೆಯಲ್ಲಿ ಗೊಂಬೆ ತೊಟ್ಟಿ ಎಂದೇ ಒಂದು ಅಂಕಣವಿದೆ. ಅದನ್ನು ನೋಡಿದವರಿಗೆ ಅರಸು ಮನೆತನವೂ ಈ ಹಬ್ಬಕ್ಕೆ ಎಂಥ ಜಾಗ ಕೊಟ್ಟಿತ್ತೆಂದು ಗೊತ್ತು.

ಪಂಚಾಂಗವನ್ನು ಗಮನವಿಟ್ಟು ನೋಡಿದರೆ ಗೊಂಬೆಗಳಷ್ಟೇ ಅಲ್ಲ, ಮನೆಯ ಬೇರೆ ವಸ್ತುಗಳಿಗೂ ಇಂಥ ದಿನಗಳಿವೆ. ಸರಸ್ವತಿ ಪೂಜೆಗೆ ಓಲೆಗರಿ ಕಟ್ಟು, ಅಜ್ಜನ ಲೆಕ್ಕದ ಪುಸ್ತಕ, ವೀಣೆ. ಆಯುಧ ಪೂಜೆಗೆ ಕತ್ತಿ, ಕುಡುಗೋಲು, ಸೇರು, ತಕ್ಕಡಿ. ನರಕ ಚತುರ್ದಶಿಯ ಹಿಂದಿನ ಸಂಜೆ, ನೀರು ತುಂಬುವ ಹಬ್ಬದಲ್ಲಿ, ಬಚ್ಚಲ ಹಂಡೆಯನ್ನು ಫಳಫಳ ಬೆಳಗಿ, ಮಲೆನಾಡು ಕರಾವಳಿಯ ಕಡೆ ಅದರ ಕೊರಳಿಗೆ ಹಿಂಡಲಕಾಯಿ ಬಳ್ಳಿ ಸುತ್ತಿ ನೀರು ತುಂಬುತ್ತಾರೆ. ಹಂಡೆಗೆ ಅದಕ್ಕಿಂತ ಚೆಂದದ ಅಲಂಕಾರವನ್ನು ಯಾವ ಒಳಾಂಗಣ ವಿನ್ಯಾಸಕಾರನೂ ಮಾಡಲಾರ.

ಬೆಳಕಿನ ವಿಷಯಕ್ಕೆ ಬರುತ್ತೇನೆ. ಮನೆಗಳಲ್ಲಿ ಹೆಚ್ಚಿನ ಹಾನಿ ಆಗುವುದು ಅಲ್ಲೇ. ಬೆಳಕನ್ನು ಲಕ್ಸ್ ಎಂಬ ಮಾನದಲ್ಲಿ ಅಳೆಯುತ್ತಾರೆ. ರೇಷ್ಮೆ, ಹತ್ತಿ, ಕಾಗದ, ನೀರುಬಣ್ಣದ ಚಿತ್ರಗಳಿಗೆ ವಸ್ತುಸಂಗ್ರಹಾಲಯಗಳು ಸಾಮಾನ್ಯವಾಗಿ ಇಟ್ಟುಕೊಂಡ ಮಿತಿ 50 ಲಕ್ಸ್. ಮಧ್ಯಾಹ್ನದ ಬಯಲು ಬಿಸಿಲು ಸುಮಾರು 1 ಲಕ್ಷ ಲಕ್ಸ್. ಕಿಟಕಿಯ ಪಕ್ಕದ ಗೋಡೆಯ ಮೇಲೂ ಅದು ಸಾವಿರಗಳಲ್ಲೇ ಇರುತ್ತದೆ. ಅಜ್ಜಿಯ ಮೈಸೂರು ರೇಷ್ಮೆ ಸೀರೆಯ ಸೆರಗನ್ನು ಕತ್ತರಿಸಿ, ಚೌಕಟ್ಟು ಹಾಕಿಸಿ, ಬಾಲ್ಕನಿಯ ಎದುರಿನ ಗೋಡೆಗೆ ತೂಗುಹಾಕಿದರೆ ಕೆಲವೇ ವರ್ಷಗಳಲ್ಲಿ ರಾಣಿ ಬಣ್ಣ ಮಸುಕಾಗಿ ಬೂದಿ ಬಣ್ಣಕ್ಕೆ ತಿರುಗುತ್ತದೆ. ಬಣ್ಣ ಹೋದದ್ದು ಕಣ್ಣಿಗೆ ಕಾಣುವ ಹೊತ್ತಿಗೆ ಎಳೆಯ ಬಲವೂ ಹೋಗಿರುತ್ತದೆ, ಬೆರಳು ತಾಗಿದರೆ ಪುಡಿ. ಸೀರೆಯನ್ನು ಕತ್ತರಿಸಲೇಬೇಡಿ. ಉಡಲು ಬರುವ ಸೀರೆಗೆ ಗೌರಿ ಹಬ್ಬದ ದಿನ ಉಡುವುದೇ ಮರ್ಯಾದೆ. ಉಡಲಾಗದ್ದನ್ನು ಹಳೆಯ, ಒಗೆದು ಮೆತ್ತಗಾದ ಪಂಚೆಯಲ್ಲಿ ಸುತ್ತಿಡಿ, ಆಗಾಗ ಮಡಿಕೆಯ ಗೆರೆ ಬದಲಿಸಿ. ನುಸಿಗುಳಿಗೆ ಜರಿಗೆ ತಾಗದಿರಲಿ.

ಫೋಟೊಗಳ ಮಾತೂ ಇಷ್ಟೇ ಮುಖ್ಯ. ನಮ್ಮ ನಡುಮನೆಗಳಲ್ಲಿ ಬಾಗಿಲ ಮೇಲೆ, ಮೊಳೆ ಹೊಡೆದು ದಾರ ಕಟ್ಟಿ, ಮುಂದಕ್ಕೆ ಬಾಗಿಸಿ ತೂಗುಹಾಕಿದ ಹಿರಿಯರ ಚಿತ್ರಗಳಿರುತ್ತಿದ್ದವು. ಬಾಗಿಸಿದ್ದರಿಂದ ಗಾಜಿನ ಪ್ರತಿಫಲನ ತಪ್ಪುತ್ತಿತ್ತು, ಹಿಂದೆ ಗಾಳಿಯೂ ಆಡುತ್ತಿತ್ತು. ಇಂದು ಗೋಡೆಗೆ ಅಂಟಿದಂತೆ ಕೂರಿಸುವ ಚೌಕಟ್ಟುಗಳಲ್ಲಿ ಮಳೆಗಾಲದ ತೇವ ಹಿಂದೆಯೇ ನಿಂತು ಬೂಷ್ಟು ಹಿಡಿಯುತ್ತದೆ. ಚೌಕಟ್ಟಿನ ಕೆಳಗಿನ ಎರಡು ಮೂಲೆಗೆ ಕಾರ್ಕಿನ ಚೂರು ಅಂಟಿಸಿದರೆ ಆ ತೊಂದರೆ ಕಮ್ಮಿಯಾಗುತ್ತದೆ. ಫೋಟೊದ ಹಿಂದೆ ಹಳೆಯ ಪತ್ರಿಕೆಯ ಹಾಳೆ ಇಟ್ಟಿದ್ದರೆ ತೆಗೆದುಬಿಡಿ, ಅದರ ಆಮ್ಲವೇ ಚಿತ್ರವನ್ನು ಕಂದು ಮಾಡುತ್ತದೆ. 1970-80ರ ದಶಕದ ಬಣ್ಣದ ಮದುವೆ ಫೋಟೊಗಳು ಕೆಂಪಾಗಿರುವುದನ್ನು ಎಲ್ಲರೂ ನೋಡಿದ್ದೀರಿ. ಅವು ಕತ್ತಲಲ್ಲಿದ್ದರೂ ಮಾಸುತ್ತವೆ, ಆದ್ದರಿಂದ ಮೊದಲು ಸ್ಕ್ಯಾನ್ ಮಾಡಿಸಬೇಕಾದದ್ದು ಅವನ್ನೇ. ಗೋಡೆಗೆ ಪ್ರತಿ ಇರಲಿ, ಮೂಲ ಪೆಟ್ಟಿಗೆಯಲ್ಲಿರಲಿ. ಹಿಂಬದಿಯ ಅಂಚಿನಲ್ಲಿ ಮೆತ್ತನೆ ಪೆನ್ಸಿಲಿನಿಂದ ಹೆಸರು ಬರೆಯಿರಿ. ಎಡದಿಂದ ಮೂರನೆಯವರು ಯಾರೆಂದು ಹೇಳಬಲ್ಲ ಒಬ್ಬರೇ ಒಬ್ಬರು ನಿಮ್ಮ ಮನೆಯಲ್ಲಿ ಈಗಲೂ ಇರಬಹುದು. ಅವರ ಹತ್ತಿರ ಈ ವಾರವೇ ಕೂತುಕೊಳ್ಳಿ.

ರವಿವರ್ಮನ ಅಚ್ಚಿನ ಚಿತ್ರಗಳನ್ನು ಇಲ್ಲಿ ನೆನೆಯಬೇಕು. 1894ರಲ್ಲಿ ಮುಂಬೈಯಲ್ಲಿ ಶುರುವಾದ ಅವರ ಮುದ್ರಣಾಲಯದಿಂದ ಬಂದ ಲಕ್ಷ್ಮಿ, ಸರಸ್ವತಿಯರು ನಮ್ಮ ಹಳ್ಳಿ ಹಳ್ಳಿಯ ಪಡಸಾಲೆ ಸೇರಿದರು. ಕೆಲವು ಮನೆಗಳಲ್ಲಿ ಹೆಂಗಸರು ಆ ದೇವಿಯರ ಸೀರೆಯ ಮೇಲೆ ನಿಜವಾದ ಬಟ್ಟೆ, ಜರಿ, ಚಮಕಿ ಅಂಟಿಸಿ, ಮಣಿಯ ಸರ ಪೋಣಿಸಿ ಸಿಂಗರಿಸಿದ್ದಾರೆ. ಹಳೆಯ ವಸ್ತುಗಳ ಅಂಗಡಿಯವರು ಇಂಥ ಚಿತ್ರ ಕಂಡರೆ, ಅಂಟಿಸಿದ್ದನ್ನು ತೆಗೆಸಿ ‘ಶುದ್ಧ’ ಮಾಡಿಸಿ ಎನ್ನುವುದುಂಟು. ದಯವಿಟ್ಟು ಆ ಕೆಲಸ ಮಾಡಿಸಬೇಡಿ. ಅಚ್ಚಿನ ಪ್ರತಿಗಳು ಎಷ್ಟೋ ಸಾವಿರ ಇದ್ದವು. ನಿಮ್ಮ ಮುತ್ತಜ್ಜಿ ಮಧ್ಯಾಹ್ನದ ಬಿಡುವಿನಲ್ಲಿ ಸೂಜಿ ಹಿಡಿದು ಉಡಿಸಿದ ಲಕ್ಷ್ಮಿ ಒಬ್ಬಳೇ.

ಸೂಜಿಯ ಮಾತು ಬಂದಾಗ ಕೌದಿಯ ಹತ್ತಿರ ಸ್ವಲ್ಪ ಹೊತ್ತು ನಿಲ್ಲಬೇಕು. ಬೆಂಗಳೂರಿನ ಒಂದು ಮನೆಯಲ್ಲಿ ಸೋಫಾದ ಹಿಂದಿನ ಗೋಡೆಯ ತುಂಬ ಒಂದು ಕೌದಿ ತೂಗುಹಾಕಿದ್ದರು. ಧಾರವಾಡದ ಕಡೆಯಿಂದ ಬಂದದ್ದು, ಆ ಮನೆಯ ಹೆಣ್ಣುಮಗಳ ಅಜ್ಜಿ ಹೊಲಿದದ್ದು. ಹತ್ತಿರ ಹೋಗಿ ನೋಡಿದೆ. ನಡುವೆ ಒಂದು ಇಳಕಲ್ ಸೀರೆಯ ಟೋಪ ತೆನೆ ಸೆರಗಿನ ತುಂಡು, ಅದರ ಸುತ್ತ ಪಟ್ಟೆ ಪಟ್ಟೆಯ ಅಂಗಿ ಬಟ್ಟೆ, ಒಂದು ಮೂಲೆಯಲ್ಲಿ ಶಾಲೆಯ ನೀಲಿ ಲಂಗದ ಬಟ್ಟೆ. ಹೊರಗಿನಿಂದ ಒಳಕ್ಕೆ ಸುತ್ತುತ್ತಾ ಹೋದ ಹೊಲಿಗೆ, ಅಂಗುಲಕ್ಕೆ ನಾಲ್ಕೋ ಐದೋ ಟಾಕು. ಒಂದು ಕಡೆ ಹೊಲಿಗೆಯ ಅಳತೆ ಇದ್ದಕ್ಕಿದ್ದಂತೆ ದೊಡ್ಡದಾಗಿತ್ತು. ‘ಅಲ್ಲಿಂದ ನಮ್ಮವ್ವ ಹೊಲದಾಳ್ರಿ, ಅಜ್ಜಿಗೆ ಕಣ್ಣು ಕಾಣದಂಗಾಗಿತ್ತು’ ಎಂದರು. ಎರಡು ತಲೆಮಾರು ಸೇರಿದ ಜಾಗ ಅಂಗೈ ಅಗಲದಷ್ಟೇ ಇತ್ತು. ಆದರೆ ಕೌದಿಯ ಮೇಲಿನ ಅಂಚಿಗೆ ಐದಾರು ಮೊಳೆ ಹೊಡೆದಿದ್ದರು. ಇಷ್ಟು ಪದರದ ಬಟ್ಟೆಯ ಭಾರವೆಲ್ಲ ಆ ಮೊಳೆಗಳ ಮೇಲೆ ಬಿದ್ದು, ಮೊಳೆಯ ಸುತ್ತ ಬಟ್ಟೆ ಹಿಗ್ಗಿ ಹರಿಯುತ್ತಿತ್ತು. ಅದಕ್ಕೆ ಮಾಡಬೇಕಾದದ್ದು ಸುಲಭ. ಹಿಂಬದಿಯ ಮೇಲಂಚಿನುದ್ದಕ್ಕೂ ಹತ್ತಿ ಬಟ್ಟೆಯ ನೇಫ ಹೊಲಿದು, ಅದರೊಳಗೆ ಮರದ ಕೋಲು ತೂರಿಸಿ, ಕೋಲಿನ ಎರಡು ತುದಿಯನ್ನು ಗೋಡೆಗೆ ಆನಿಸಿದರೆ ಭಾರ ಇಡೀ ಅಗಲಕ್ಕೆ ಹಂಚಿಹೋಗುತ್ತದೆ. ಮೂರು ತಿಂಗಳು ಗೋಡೆಯಲ್ಲಿದ್ದರೆ ಒಂಬತ್ತು ತಿಂಗಳು ಒಳಗೆ, ಮಡಿಸುವ ಬದಲು ಸುರುಳಿ ಸುತ್ತಿ.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿ ಹೆಂಗಸರು ಹೊಲಿಯುವ ಕವಂದಿ ಕೌದಿಯ ಇನ್ನೊಂದು ಬಗೆ. ಅದರ ನಾಲ್ಕೂ ಮೂಲೆಗೆ ಬಟ್ಟೆಯನ್ನು ತ್ರಿಕೋನವಾಗಿ ಮಡಿಸಿ ಇಡುವ ‘ಫೂಲ’ ಇಲ್ಲದಿದ್ದರೆ ಹೊದಿಕೆ ಬೆತ್ತಲೆ ಎಂದು ಅವರು ತಿಳಿಯುತ್ತಾರೆ. ಈಗ ಕವಂದಿಗಳು ದೂರದ ದೇಶಗಳ ಕಲಾ ಪ್ರದರ್ಶನಗಳ ಗೋಡೆಯನ್ನೂ ಏರಿವೆ. ಹೊಲಿದವಳ ಹೆಸರು ಜೊತೆಗೆ ಹೋದಲ್ಲೆಲ್ಲ ನನಗೆ ಅದು ಒಪ್ಪಿಗೆ.

ಹೆಸರಿನ ಮಾತು ಪಾತ್ರೆಗಳಲ್ಲಿ ಇನ್ನೂ ಆಳಕ್ಕೆ ಇಳಿಯುತ್ತದೆ. ನಿಮ್ಮ ಮನೆಯ ಹಳೆಯ ಹಿತ್ತಾಳೆ ಪಾತ್ರೆಯನ್ನು ಬೆಳಕಿಗೆ ಹಿಡಿದು ಕಂಠದ ಸುತ್ತ ನೋಡಿ. ಉಳಿಯ ಮೊನೆಯಿಂದ ಚುಕ್ಕಿ ಚುಕ್ಕಿಯಾಗಿ ಕೊರೆದ ಅಕ್ಷರಗಳು ಸಿಗುತ್ತವೆ. ‘ಸೌ.’ ಎಂದು ಮೊದಲು, ಆಮೇಲೆ ಹೆಸರು, ತವರಿನ ಊರು, ಕೆಲವದರಲ್ಲಿ ಮದುವೆಯ ತಾರೀಖು. ‘ತಾಯಿ ಮನೆಯಿಂದ’ ಎಂದಷ್ಟೇ ಇರುವುದೂ ಉಂಟು. ಮದುವೆ ಮನೆಯಲ್ಲಿ ಪಾತ್ರೆ ಅದಲುಬದಲಾಗದಿರಲಿ ಎಂದು ಕೊರೆಸಿದ್ದು. ಆದರೆ ಯೋಚಿಸಿ ನೋಡಿ. ನಮ್ಮ ವಂಶವೃಕ್ಷಗಳಲ್ಲಿ ಗಂಡಸರ ಹೆಸರು ಏಳು ತಲೆಮಾರಿಗೂ ಸಿಗುತ್ತದೆ, ಮುತ್ತಜ್ಜಿಯ ಹುಟ್ಟುಹೆಸರು ಕೇಳಿದರೆ ಮನೆಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಮದುವೆಯಾದ ಮೇಲೆ ಹೆಸರು ಬದಲಿಸುತ್ತಿದ್ದ ಮನೆತನಗಳಲ್ಲಿ ಆ ಹೆಣ್ಣಿನ ತವರಿನ ಹೆಸರು ಉಳಿದ ಒಂದೇ ಜಾಗ ಪಾತ್ರೆಯ ಕಂಠ. ಅವಳ ಆಸ್ತಿಯ ಪತ್ರವೂ ಅದೇ. ಅಂಥ ಪಾತ್ರೆಯನ್ನು ವಾರವಾರವೂ ಹುಣಸೆಹಣ್ಣೋ ಪೀತಾಂಬರಿಯೋ ಹಾಕಿ ಉಜ್ಜಿದರೆ ಪ್ರತಿ ಸಲವೂ ಲೋಹದ ಒಂದು ಪದರ ಕರಗಿ ಹೋಗುತ್ತದೆ, ಚುಕ್ಕಿಗಳು ಆಳ ಕಳೆದುಕೊಳ್ಳುತ್ತವೆ. ಹಾಲಿನಲ್ಲಿ ಕೂತ ಪಾತ್ರೆ ದಿನವೂ ಕನ್ನಡಿಯಂತೆ ಹೊಳೆಯಬೇಕಾದ ಅಗತ್ಯವಿಲ್ಲ. ಒಣ ಬಟ್ಟೆಯಿಂದ ಒರೆಸಿ, ಹಬ್ಬಕ್ಕೊಮ್ಮೆ ಬೆಳಗಿ, ಅಕ್ಷರ ಇರುವ ಜಾಗದಲ್ಲಿ ಕೈ ಹಗುರಾಗಿರಲಿ. ಆ ಅಕ್ಷರಗಳ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಪಾತ್ರೆಯನ್ನು ಕೂರಿಸುವಾಗ ಅಕ್ಷರದ ಭಾಗ ಗೋಡೆಯ ಕಡೆಗಲ್ಲ, ಬಂದವರ ಕಡೆಗೆ ಇರಲಿ.

ಬಿದರಿ ಪಾತ್ರೆ ಇರುವವರಿಗೆ ಇನ್ನೊಂದು ಎಚ್ಚರ. ಸತುವೇ ಹೆಚ್ಚು, ತಾಮ್ರ ಸ್ವಲ್ಪ ಇರುವ ಮಿಶ್ರಲೋಹದಲ್ಲಿ ಬೆಳ್ಳಿ ಕೂರಿಸಿ, ಬೀದರ ಕೋಟೆಯ ಮಣ್ಣು ಬಳಸಿ ತಂದ ಕಪ್ಪು ಅದು. ಪಾಲಿಶ್ ಹಾಕಿ ಉಜ್ಜಿದರೆ ಕಪ್ಪೇ ಹೋಗಿಬಿಡುತ್ತದೆ.

ಕೊಡಕ್ಕೆ ತೂತು ಕೊರೆದು ದೀಪದ ಸ್ಟ್ಯಾಂಡು ಮಾಡುವುದು, ತೊಟ್ಟಿಲಿಗೆ ಮಣ್ಣು ತುಂಬಿ ಮನಿಪ್ಲಾಂಟ್ ಬೆಳೆಸುವುದು, ಬೀಟೆ ಮರದ ಪೆಟ್ಟಿಗೆಗೆ ಬಿಳಿ ಬಣ್ಣ ಬಳಿಯುವುದು ಈಗ ಬಹಳ ನಡೆದಿದೆ. ನನಗೆ ಇದು ಸಂಕಟದ ವಿಷಯ. ವಸ್ತುವನ್ನು ಹಿಂದಿನ ಸ್ಥಿತಿಗೆ ತರಲಾಗದಂಥ ಯಾವ ಕೆಲಸವನ್ನೂ ಅದರ ಮೇಲೆ ಮಾಡಬಾರದು. ಬಳಸುವುದು ಬೇರೆ ಮಾತು, ಅದಕ್ಕೆ ನನ್ನ ಪೂರ್ಣ ಒಪ್ಪಿಗೆ. ಅಳಗುಳಿ ಮಣೆಯನ್ನು ಗೋಡೆಗೆ ನೇತುಹಾಕಿದ ಮನೆಗಿಂತ, ಮಕ್ಕಳು ಹುಣಸೆಬೀಜ ಹಾಕಿ ಆಡುವ ಮನೆ ನನಗೆ ಹೆಚ್ಚು ಇಷ್ಟ.

ಕಾನೂನನ್ನೂ ಹೇಳಿಯೇ ಮುಂದೆ ಹೋಗಬೇಕು. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ 100 ವರ್ಷಕ್ಕೆ ಮೇಲ್ಪಟ್ಟ ಶಿಲ್ಪ, ಚಿತ್ರ ಮುಂತಾದವು, 75 ವರ್ಷಕ್ಕೆ ಮೇಲ್ಪಟ್ಟ ಮಹತ್ವದ ಹಸ್ತಪ್ರತಿಗಳು ಪುರಾತನ ವಸ್ತುಗಳೆನಿಸುತ್ತವೆ. ಅವುಗಳಲ್ಲಿ ಕೆಲವು ಬಗೆಯವನ್ನು ನೋಂದಾಯಿಸಬೇಕು, ಯಾವುದನ್ನೂ ಖಾಸಗಿಯವರು ದೇಶದ ಹೊರಗೆ ಒಯ್ಯುವಂತಿಲ್ಲ. ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಇರುವ ಮಕ್ಕಳು ಊರಿಗೆ ಬಂದಾಗ ದೇವರ ಕೋಣೆಯ ಹಳೆಯ ಪಂಚಲೋಹದ ವಿಗ್ರಹವನ್ನು ಸೂಟ್‌ಕೇಸಿನಲ್ಲಿ ಸುತ್ತಿಕೊಂಡು ಹೊರಡುವ ಮುಂಚೆ ಇದನ್ನು ತಿಳಿದಿರಬೇಕು. ವಸ್ತು ಅಷ್ಟು ಹಳೆಯದಲ್ಲ ಎನ್ನುವುದಾದರೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಪರೀಕ್ಷಿಸಿ ಪ್ರಮಾಣಪತ್ರ ಕೊಡುತ್ತದೆ. ಮಲೆನಾಡಿನ ಮನೆಗಳ ಗೋಡೆಯ ಜಿಂಕೆ ಕೊಂಬು, ಪೆಟ್ಟಿಗೆಯೊಳಗಿನ ಹುಲಿ ಉಗುರು, ದಂತದ ಹಿಡಿಕೆಗಳಿಗೆ ಅದೇ ವರ್ಷದ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ. 2023ರಲ್ಲಿ ನಮ್ಮ ರಾಜ್ಯದಲ್ಲಿ ಹುಲಿ ಉಗುರಿನ ಪದಕಗಳ ಸುದ್ದಿ ಎಷ್ಟು ದೊಡ್ಡದಾಯಿತೆಂದು ನಿಮಗೇ ಗೊತ್ತು. ತಾತನ ಕಾಲದ್ದು ಎಂಬುದೊಂದೇ ರಕ್ಷಣೆಯಾಗುವುದಿಲ್ಲ.

ಇನ್ನು, ಮಕ್ಕಳಿಗೆ ಬೇಡವಾದ ವಸ್ತುಗಳು. ಎರಡು ಕೋಣೆಯ ಮನೆಯಲ್ಲಿ ಎಲ್ಲವನ್ನೂ ಇಟ್ಟುಕೊಳ್ಳಿ ಎಂದು ಯಾರಿಗೂ ಹೇಳಲಾಗದು. ಆದರೆ ಮಾರಿದ ವಸ್ತು ಎಲ್ಲಿಗೆ ಹೋಗುತ್ತದೆಂದು ಗಮನಿಸಿ. ಎಷ್ಟೋ ಹೋಟೆಲುಗಳ ಗೋಡೆಯ ಮೇಲೆ ಯಾರದೋ ಮದುವೆಯ ಫೋಟೊ, ಯಾರದೋ ಸಂಸಾರದ ಗುಂಪು ಚಿತ್ರಗಳು ಹಳೇ ಕಾಲದ ಕಳೆಗೆಂದು ತೂಗುತ್ತಿವೆ. ಅವರ ಹೆಸರು ಅಲ್ಲಿ ಊಟ ಮಾಡುವ ಯಾರಿಗೂ ಗೊತ್ತಿಲ್ಲ. ಆ ಮುಖಗಳನ್ನು ನೋಡುತ್ತ ನನಗೆ ತುತ್ತು ಇಳಿಯುವುದಿಲ್ಲ.

ಇದಕ್ಕೆ ಎದುರಾಗಿ ಮಣಿಪಾಲದ ವಿಜಯನಾಥ ಶೆಣೈ ಅವರನ್ನು ನೆನೆಯುತ್ತೇನೆ. ಬ್ಯಾಂಕ್ ಉದ್ಯೋಗಿಯಾಗಿದ್ದ ಅವರು ಕೆಡವುತ್ತಿದ್ದ ಮನೆಗಳ ಕಂಬ, ಬಾಗಿಲು, ತೊಲೆಗಳನ್ನು ಕೊಂಡು ತಂದು ತಮ್ಮ ಮನೆಯನ್ನೇ ಅವುಗಳಿಂದ ಕಟ್ಟಿಕೊಂಡರು. ‘ಹಸ್ತಶಿಲ್ಪ’ ಎಂಬ ಆ ಮನೆಯಿಂದ ಮುಂದೆ ಪಾರಂಪರಿಕ ಗ್ರಾಮವೇ ಬೆಳೆಯಿತು. ಅಲ್ಲಿ ಹರ್ಕೂರಿನ ಮನೆ ಹರ್ಕೂರಿನ ಹೆಸರಿನಲ್ಲೇ, ಮುಧೋಳದ ದರ್ಬಾರು ಮುಧೋಳದ ಹೆಸರಿನಲ್ಲೇ ನಿಂತಿದೆ. 2017ರಲ್ಲಿ ಶೆಣೈಯವರು ತೀರಿಕೊಂಡರು, ಮನೆಗಳ ಹೆಸರು ಉಳಿದಿದೆ. ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ 1994ರಲ್ಲಿ ತೆರೆದ ಜಾನಪದ ಲೋಕದ ಲೋಕಮಾತಾ ಮಂದಿರದಲ್ಲಿ ರೈತಾಪಿ ಮನೆಗಳ ಅಡುಗೆಮನೆ ಸಾಮಾನುಗಳಿಗೆ ಸಿಕ್ಕಿರುವ ಗೌರವವನ್ನೂ ನೋಡಬೇಕು.

ಕೊಟ್ಟವರ ಹೆಸರು ಕಳೆದುಹೋದ ದೊಡ್ಡ ಉದಾಹರಣೆಯೂ ನಮ್ಮಲ್ಲೇ ಇದೆ. 1891ರಲ್ಲಿ ಆರಂಭವಾದ ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ತಂಜಾವೂರು ಕಡೆಯ ಪಂಡಿತರೊಬ್ಬರು ಓಲೆಗರಿಯ ಕಟ್ಟೊಂದನ್ನು ತಂದುಕೊಟ್ಟರು. ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಅದನ್ನು ಓದಿ ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದರು. ಅದು ಕೌಟಿಲ್ಯನ ಅರ್ಥಶಾಸ್ತ್ರ. ಲೋಕವೆಲ್ಲ ಶಾಸ್ತ್ರಿಗಳನ್ನು ಬಲ್ಲದು, ಆ ಕಟ್ಟನ್ನು ತಂದುಕೊಟ್ಟವರನ್ನು ನಾವು ಇವತ್ತಿಗೂ ‘ಒಬ್ಬ ಪಂಡಿತ’ ಎಂದೇ ಕರೆಯುತ್ತೇವೆ.

ಆದ್ದರಿಂದ ಈ ಸಂಸ್ಥೆಯವರ ಮುಂದೆ ಒಂದು ಕೋರಿಕೆ. ವರ್ಷಕ್ಕೊಂದು ಭಾನುವಾರ ಈ ಸಭಾಂಗಣವನ್ನು ತೆರೆದಿಡಿ. ಊರಿನವರು ತಮ್ಮ ಮನೆಯ ಒಂದೊಂದು ವಸ್ತು ತರಲಿ. ಅದು ಯಾರದು, ಯಾವ ಊರಿನಿಂದ ಬಂತು, ಯಾವ ಕೆಲಸಕ್ಕೆ ಬರುತ್ತಿತ್ತು, ಕೊನೆಯದಾಗಿ ಬಳಸಿದವರು ಯಾರು ಎಂದು ಎರಡು ಪ್ರತಿ ಬರೆಸಿ, ಒಂದನ್ನು ವಸ್ತುವಿನ ಜೊತೆ ಕಟ್ಟಿ ಮನೆಗೆ ಕಳಿಸಿ, ಇನ್ನೊಂದು ಇಲ್ಲಿರಲಿ. ಕಾಲೇಜಿನ ಹುಡುಗ ಹುಡುಗಿಯರು ಫೋಟೊ ತೆಗೆಯಲು ಬಂದೇ ಬರುತ್ತಾರೆ. ಬರೆದುಕೊಳ್ಳುವ ಮೇಜಿನ ಮುಂದೆ ಕೂರಲು ನಾನು ಸಿದ್ಧ, ದಿನವನ್ನು ನೀವು ಗೊತ್ತುಮಾಡಿ.